ಗರಗಸವೋ ರಂಪವೋ: ಮನೆಯಲ್ಲಿ ವಾದ್ಯ ಮಾಡುವವರ ಮಿಷಿನ್ನು



ಕನ್ನಡದಲ್ಲಿ ರಂಪ ಎಂದರೆ ಗಲಾಟೆ, ಜಗಳ. ತೆಲುಗಿನಲ್ಲಿ ರಂಪಂ ಎಂದರೆ ಮರ ಕೊಯ್ಯುವ ಗರಗಸ. ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಕಡೆ ಹುಟ್ಟಿ ಬೆಳೆದ ನಮಗೆ ಎರಡು ಅರ್ಥವೂ ಒಂದೇ ಸಲ ಕಿವಿಗೆ ಬೀಳುತ್ತವೆ. ಊರ ಪಕ್ಕದ ಸಾಮಿಲ್ಲಿನಲ್ಲಿ ಮಿಷಿನ್ನು ಶುರುವಾದಾಗ ಎರಡು ಭಾಷೆಯೂ ಸರಿಯೇ ಹೇಳಿವೆ ಅನ್ನಿಸುತ್ತದೆ. ಮರಗೆಲಸದ ಮಾತಿನಲ್ಲಿ ನಾವು ಹೀಗೆಯೇ ಎರಡು ಮನೆಯಲ್ಲಿ ಉಂಡವರು. ನಮ್ಮ ಹಲಸು ಅವರಿಗೆ ಪನಸ, ನಮ್ಮ ಬೇವು ಅವರಿಗೆ ವೇಪ, ನಮ್ಮ ಅರ ಅವರಿಗೆ ಆಕುರಾಯಿ. ಉಳಿ ಮಾತ್ರ ಇಬ್ಬರಿಗೂ ಉಳಿಯೇ.

ಈ ಹೊತ್ತು ನಾನು ಹೇಳಹೊರಟಿರುವುದು ಪಟ್ಟಿ ಗರಗಸದ ಚರಿತ್ರೆ. ಬ್ಯಾಂಡ್ ಸಾ ಎಂದು ಅಂಗಡಿಯವರು ಕರೆಯುವ ಮಿಷಿನ್ನು ಅದೇ. ಮೇಲೊಂದು ಚಕ್ರ, ಕೆಳಗೊಂದು ಚಕ್ರ, ಎರಡಕ್ಕೂ ಸುತ್ತಿಕೊಂಡು ಓಡುವ ಹಲ್ಲಿನ ಉಕ್ಕಿನ ಪಟ್ಟಿ. ಈ ವಿಷಯ ಹಿಡಿಯಲು ಕಾರಣವಿದೆ. ಕಲ್ಯಾಣದುರ್ಗದಲ್ಲಿರುವ ನನ್ನ ತಂಗಿಯ ಮಗ ಬಾಗಿಲು, ಕಿಟಕಿ, ಮಂಚ ಮಾಡುವ ಬಡಗಿ. ಭಜನೆ ಮಂಡಳಿಯವರ ಮುರಿದ ತಂಬೂರಿ, ಹಾರ್ಮೋನಿಯಂ ರಿಪೇರಿ ಮಾಡುತ್ತ ಮಾಡುತ್ತ ಅವನಿಗೆ ತಾನೇ ವಾದ್ಯ ಮಾಡಬೇಕೆಂಬ ಹಂಬಲ ಹುಟ್ಟಿದೆ. "ಮಾವಾ, ಹದಿನಾಲ್ಕು ಇಂಚಿನ ಮಿಷಿನ್ ಸಾಕಾ, ದೊಡ್ಡದು ತಗೊಳ್ಳಲಾ, ನೀವೇ ಹೇಳಿ" ಎಂದು ಫೋನು ಮಾಡಿದ. ನಾನು ಮ್ಯಾಟ್ರಿಕ್ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಬಡಗಿಯಲ್ಲ. ಆದರೆ ಮಿಷಿನ್ನಿಗೆಂದು ಸಾಲ ಪಡೆದು ತೀರಿಸಿದವರನ್ನೂ ನೋಡಿದ್ದೇನೆ, ತೀರಿಸಲಾಗದೆ ಒದ್ದಾಡಿದವರನ್ನೂ ನೋಡಿದ್ದೇನೆ. ಹಾಕುವ ದುಡ್ಡು ತಂಗಿ ಕುರಿ ಮಾರಿ ಕೂಡಿಟ್ಟದ್ದು. ಅವಳಿಗೆ ದುಡ್ಡಿನ ಚಿಂತೆಗಿಂತ ಮಗನ ಬೆರಳಿನ ಚಿಂತೆ ಹೆಚ್ಚು. ಹೀಗಾಗಿ ನಾನು ಓದಿ, ನಾಲ್ಕು ಜನರನ್ನು ಕೇಳಿ, ಲೆಕ್ಕ ಹಾಕಬೇಕಾಯಿತು.

ಮೊದಲು ನಮ್ಮ ಸೀಮೆಯಲ್ಲಿ ವಾದ್ಯದ ಮಾತು ಎಷ್ಟು ಹಳೆಯದು ನೋಡಿ. ಹಿಂದೂಪುರಕ್ಕೆ ಅನತಿ ದೂರದ ಲೇಪಾಕ್ಷಿಯಲ್ಲಿ, 16ನೆಯ ಶತಮಾನದಲ್ಲಿ, ವಿಜಯನಗರದ ಅಚ್ಯುತರಾಯನ ಕಾಲಕ್ಕೆ ಎದ್ದ ವೀರಭದ್ರ ದೇವಾಲಯದ ನಾಟ್ಯಮಂಟಪದ ಕಂಬಗಳಲ್ಲಿ ತುಂಬುರು ವೀಣೆ ಹಿಡಿದು ನಿಂತಿದ್ದಾನೆ, ಪಕ್ಕದಲ್ಲಿ ಮದ್ದಳೆಯವರಿದ್ದಾರೆ. ಅದೇ ಗುಡಿಯಲ್ಲಿ ಕನ್ನಡ ಶಾಸನಗಳೂ ಇವೆ. ಇತ್ತ ಕಲ್ಯಾಣದುರ್ಗ, ಪಾವಗಡ, ಚಿತ್ರದುರ್ಗದ ಕಡೆ ಜಾತ್ರೆಗಳಲ್ಲಿ ಉರುಮೆಯ ಸದ್ದು ಕೇಳದವರಿಲ್ಲ. ಧರ್ಮಾವರದ ಹತ್ತಿರದ ನಿಮ್ಮಲಕುಂಟದ ತೊಗಲುಗೊಂಬೆಯವರಿಗೆ ಮದ್ದಳೆ, ಹಾರ್ಮೋನಿಯಂ ಇಲ್ಲದೆ ಆಟವಿಲ್ಲ. ಕೈವಾರದ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದವರು, ಅವರ ಹಾಡನ್ನು ಇಂದಿಗೂ ಹಳ್ಳಿಗಳಲ್ಲಿ ತಂಬೂರಿ ಮೀಟಿಯೇ ಹಾಡುವುದು. ನುಡಿಸುವವರು ಇಷ್ಟು ಮಂದಿ ಇದ್ದರೂ ಮಾಡುವವರು ನಮ್ಮಲ್ಲಿ ಕಡಿಮೆ. ವಾದ್ಯ ಬೇಕಾದರೆ ಬೆಂಗಳೂರಿನ ಅಂಗಡಿಗೆ ಹೋಗುವುದು ರೂಢಿಯಾಗಿದೆ.

ಆ ಬೆಂಗಳೂರಿನ ಅಂಗಡಿಗೆ ವೀಣೆ ಎಲ್ಲಿಂದ ಬರುತ್ತದೆ? ಹಿಂದೂಪುರದಲ್ಲಿ ರೈಲು ಹತ್ತಿದರೆ ವಿದುರಾಶ್ವತ್ಥ, ಗೌರಿಬಿದನೂರು, ತೊಂಡೇಭಾವಿ, ಮಾಕಳಿದುರ್ಗ ಕಳೆದು ದೊಡ್ಡಬಳ್ಳಾಪುರ ಸಿಗುತ್ತದೆ. ಆ ತಾಲೂಕಿನ ಸಿಂಪಾಡಿಪುರವೆಂಬ ಹಳ್ಳಿಯಲ್ಲಿ ಮನೆ ಮನೆಯಲ್ಲಿ ವೀಣೆ ಮಾಡುವವರಿದ್ದಾರೆ. ಪೆನ್ನ ಓಬಳಯ್ಯನವರ ಹೆಸರನ್ನು ಪತ್ರಿಕೆಗಳಲ್ಲಿ ಓದಿರಬಹುದು, ಆ ಊರಿನ ಹಿರಿಯ ವೀಣೆ ಕುಶಲಕರ್ಮಿ ಅವರು. ಅಂದರೆ ಈ ಕಸುಬು ತಂಜಾವೂರಿನಲ್ಲೋ ಬೊಬ್ಬಿಲಿಯಲ್ಲೋ ಮಾತ್ರ ಇರುವಂಥದ್ದಲ್ಲ, ನಮ್ಮ ರೈಲು ದಾರಿಯಲ್ಲೇ ಇದೆ. ಹಲಸಿಗೆ ಹೆಸರಾದ ತೂಬಗೆರೆಯೂ ಅದೇ ತಾಲೂಕಿನಲ್ಲಿದೆ. ವೀಣೆಗೆ ಬೇಕಾದದ್ದು ಹಲಸಿನ ಮರವೇ. ಹಗುರ, ಹಳದಿ, ಹುಳು ಬೇಗ ಹಿಡಿಯದು, ನಾದವೂ ಚೆನ್ನ.

ಹಿಂದೆ ಮರ ಕೊಯ್ಯುತ್ತಿದ್ದ ರೀತಿ ಹಿರಿಯರಿಗೆ ನೆನಪಿರುತ್ತದೆ. ದಿಮ್ಮಿಯನ್ನು ಗುಂಡಿಯ ಮೇಲೆ ಅಥವಾ ಎತ್ತರದ ಕವೆಗಳ ಮೇಲೆ ಅಡ್ಡ ಇಟ್ಟು, ನೂಲಿಗೆ ಮಸಿ ಹಚ್ಚಿ ಗೆರೆ ಹೊಡೆದು, ಮೇಲೊಬ್ಬ ಕೆಳಗೊಬ್ಬ ನಿಂತು ಉದ್ದ ಗರಗಸ ಎಳೆಯುತ್ತಿದ್ದರು. ಗೆರೆ ತಪ್ಪದಂತೆ ನೋಡುವವನು ಮೇಲಿನವನು, ಕಣ್ಣಿಗೆ ಹೊಟ್ಟು ಬೀಳಿಸಿಕೊಳ್ಳುವವನು ಕೆಳಗಿನವನು. ಕೂಲಿ ಇಬ್ಬರಿಗೂ ಸಮ ಇತ್ತೋ ಇಲ್ಲವೋ, ಕೆಮ್ಮಂತೂ ಸಮ ಇರಲಿಲ್ಲ. ಗರಗಸ ಮೇಲೆ ಕೆಳಗೆ ಆಡುವಾಗ ಕೊಯ್ಯುವುದು ಒಂದು ದಿಕ್ಕಿನಲ್ಲಿ ಮಾತ್ರ, ವಾಪಸು ಹೋಗುವ ಶ್ರಮ ದಂಡ. ಹಲ್ಲು ಒಂದೇ ದಿಕ್ಕಿನಲ್ಲಿ ನಿಲ್ಲದೆ ಓಡುವಂತಿದ್ದರೆ ಎಂಬ ಯೋಚನೆಯಿಂದಲೇ ಪಟ್ಟಿ ಗರಗಸ ಹುಟ್ಟಿತು.

ಲಂಡನ್ನಿನ ವಿಲಿಯಂ ನ್ಯೂಬೆರಿ ಎಂಬಾತ 1809ರಲ್ಲಿ ಈ ಯಂತ್ರಕ್ಕೆ ಪೇಟೆಂಟ್ ಪಡೆದ. ಹಾಳೆಯ ಮೇಲೆ ಎಲ್ಲ ಸರಿಯಾಗಿತ್ತು. ಆದರೆ ಪಟ್ಟಿ ನಿಲ್ಲಲಿಲ್ಲ, ಮತ್ತೆ ಮತ್ತೆ ತುಂಡಾಗುತ್ತಿತ್ತು. ಯಾಕೆಂದು ಒಂದು ಲೆಕ್ಕ ಹಾಕಿ ನೋಡಿ. ಈಗ ಮನೆ ವರ್ಕ್‌ಶಾಪಿಗೆ ಸಿಗುವ 14 ಇಂಚಿನ ಮಿಷಿನ್ನನ್ನೇ ತೆಗೆದುಕೊಳ್ಳೋಣ. ಚಕ್ರದ ಸುತ್ತಳತೆ 44 ಇಂಚು. ಅದು ನಿಮಿಷಕ್ಕೆ 800 ಸುತ್ತು ತಿರುಗಿದರೆ ಪಟ್ಟಿ ನಿಮಿಷಕ್ಕೆ ಸುಮಾರು 2,900 ಅಡಿ ಓಡುತ್ತದೆ. ಪಟ್ಟಿಯ ಉದ್ದ ಸಾಮಾನ್ಯವಾಗಿ 93 ಇಂಚೂವರೆ. ಅಂದರೆ ಪಟ್ಟಿಯ ಪ್ರತಿಯೊಂದು ಜಾಗವೂ ನಿಮಿಷಕ್ಕೆ 376 ಸಲ ಸುತ್ತಿ ಬರುತ್ತದೆ, ಪ್ರತಿ ಸುತ್ತಿಗೆ ಎರಡು ಸಲ ಬಾಗುತ್ತದೆ. ಗಂಟೆಗೆ 45,000 ಸಲ. ಬೆಸುಗೆ ಹಾಕಿದ ಜಾಗವೂ ಅಷ್ಟೇ ಸಲ ಬಾಗಬೇಕು. ಒಂದು ತಂತಿಯನ್ನು ಕೈಯಲ್ಲಿ ಹಿಡಿದು ಹತ್ತು ಸಲ ಬಗ್ಗಿಸಿ ಮುರಿದವರಿಗೆ ಇದರ ಕಷ್ಟ ತಿಳಿಯುತ್ತದೆ.

ಈ ಕಷ್ಟ ಬಗೆಹರಿಯಲು ಹೆಚ್ಚು ಕಡಿಮೆ ನಲವತ್ತು ವರ್ಷ ಹಿಡಿಯಿತು. ಬಗೆಹರಿಸಿದ್ದು ಒಬ್ಬ ಹೆಂಗಸು. ಫ್ರಾನ್ಸ್ ದೇಶದ ಆನ್ ಪೋಲಿನ್ ಕ್ರೆಪಿನ್ ಎಂಬಾಕೆ ಪಟ್ಟಿಯ ಎರಡು ತುದಿಗಳನ್ನು ಬಾಳಿಕೆ ಬರುವಂತೆ ಬೆಸೆಯುವ ವಿಧಾನ ಕಂಡುಹಿಡಿದು 1846ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದಳು. ಅದರ ಹಕ್ಕನ್ನು ಕೊಂಡ ಪ್ಯಾರಿಸಿನ ಪೆರಿನ್ ಕಂಪನಿ, ಹೊಸ ಬಗೆಯ ಉಕ್ಕು ಮತ್ತು ಹದವನ್ನು ಸೇರಿಸಿ ನಿಲ್ಲುವ ಪಟ್ಟಿ ತಯಾರಿಸಿತು. ಇಂದಿಗೂ ಪಟ್ಟಿ ಗರಗಸದ ಸಾಮಿಲ್ಲುಗಳು ಇಂಥ ಬೆಸುಗೆಯ ಮೇಲೆಯೇ ನಡೆಯುತ್ತಿವೆ. ಆಕೆಯ ಹೆಸರು ಎಷ್ಟು ಮಿಲ್ಲಿನವರಿಗೆ ಗೊತ್ತಿದೆಯೋ!

ಇಲ್ಲಿ ನಮ್ಮ ಕಡೆಯ ಒಂದು ಮಾತು ಸೇರಿಸಬೇಕು. 1800ರಲ್ಲಿ, ಟಿಪ್ಪು ಮಡಿದ ಮರುವರ್ಷ, ಫ್ರಾನ್ಸಿಸ್ ಬುಕನನ್ ಎಂಬ ಕಂಪನಿಯ ವೈದ್ಯ ಮೈಸೂರು ಸೀಮೆಯನ್ನು ಸುತ್ತಿದ. ಅವನ ಪ್ರವಾಸದ ಪುಸ್ತಕ 1807ರಲ್ಲಿ ಅಚ್ಚಾಯಿತು. ಚನ್ನಪಟ್ಟಣದಲ್ಲಿ ವಾದ್ಯಗಳಿಗೆಂದು ಉಕ್ಕಿನ ತಂತಿ ಎಳೆಯುತ್ತಿದ್ದರೆಂದೂ ಅದು ಹಿಂದೂಸ್ಥಾನದ ದೂರ ದೂರದ ಊರುಗಳಿಗೆ ಹೋಗುತ್ತಿತ್ತೆಂದೂ ಅವನು ಅದರಲ್ಲಿ ಬರೆದಿದ್ದಾನೆ. ಬಾಗಿದರೂ ಮುರಿಯದ, ಬಿಗಿದರೂ ಹರಿಯದ ತೆಳು ಉಕ್ಕು ಲಂಡನ್ನಿನವರಿಗೆ ಗರಗಸಕ್ಕೆ ಸಿಗದೆ ಒದ್ದಾಡುವ ಮುಂಚೆಯೇ ನಮ್ಮವರ ವೀಣೆಯ ಮೇಲೆ ತಂತಿಯಾಗಿ ನುಡಿಯುತ್ತಿತ್ತು. ತಂತಿ ಬೇರೆ, ಪಟ್ಟಿ ಬೇರೆ, ನಿಜ. ನಾವು ಗರಗಸ ಕಂಡುಹಿಡಿಯಬಹುದಿತ್ತು ಎಂದು ಜಂಬ ಕೊಚ್ಚುವುದು ನನ್ನ ಉದ್ದೇಶವಲ್ಲ. ಉಕ್ಕಿನ ಹದ ತಿಳಿದ ಆ ಕುಲುಮೆಗಳು ಆಮೇಲೆ ಆರಿಹೋದವು ಎಂಬುದು ಮಾತ್ರ ಮನಸ್ಸಿಗೆ ನಾಟುತ್ತದೆ.

ಇನ್ನು ಅಳಿಯನ ಪ್ರಶ್ನೆಗೆ ಬರೋಣ. ನಾನು ಅವನಿಗೆ ಮರುಪ್ರಶ್ನೆ ಹಾಕಿದೆ: "ಯಾವ ವಾದ್ಯ ಮಾಡ್ತೀಯಪ್ಪ?" ಅವನು "ಎಲ್ಲಾ" ಎಂದ. ತೊಂದರೆ ಇರುವುದು ಇಲ್ಲೇ. 14 ಇಂಚು ಎಂದರೆ ಚಕ್ರದ ಅಡ್ಡಳತೆ. ಮೇಜಿನ ಮೇಲೆ ಪಟ್ಟಿಗೂ ಕಂಬಕ್ಕೂ ನಡುವೆ ಸಿಗುವ ಜಾಗವೂ ಹೆಚ್ಚು ಕಡಿಮೆ ಅಷ್ಟೇ. ಆದರೆ ಎಷ್ಟು ದಪ್ಪದ ಮರ ಪಟ್ಟಿಯ ಕೆಳಗೆ ಹೋಗುತ್ತದೆ ಎಂಬುದು ಬೇರೆ ಲೆಕ್ಕ. ಅಮೆರಿಕದ ಡೆಲ್ಟಾ ಕಂಪನಿಯ ಮಾದರಿಯನ್ನು ನೋಡಿ ಬೇರೆ ಬೇರೆ ದೇಶದವರು ಮಾಡಿದ 14 ಇಂಚಿನ ಎರಕದ ಮಿಷಿನ್ನುಗಳಲ್ಲಿ ಆ ಎತ್ತರ 6 ಇಂಚು. ನಡುವೆ ಒಂದು ಕಬ್ಬಿಣದ ತುಂಡು ಕೂರಿಸಿ ಅದನ್ನು 12 ಇಂಚಿಗೆ ಏರಿಸಬಹುದು, ಆಗ ಪಟ್ಟಿಯೂ ಉದ್ದ ಬೇಕು, 105 ಇಂಚು. ಮೋಟಾರು ಮಾತ್ರ ಹಳೆಯದೇ ಉಳಿದರೆ ಎತ್ತರ ಸಿಕ್ಕರೂ ಬಲ ಸಾಲದು.

ಪಿಟೀಲಿನ ಹಿಂಭಾಗವನ್ನು ಎರಡು ಹೋಳು ಜೋಡಿಸಿ ಮಾಡುತ್ತಾರೆ. ಒಂದು ಹೋಳು 5 ಇಂಚು ಅಗಲವಿದ್ದರೆ ಸಾಕು, ಹಾಗಾಗಿ 6 ಇಂಚಿನ ಮಿಷಿನ್ನು ಸಾಲುತ್ತದೆ. ಗಿಟಾರಿಗೆ ಒಂದು ಹೋಳು 8 ಇಂಚಿಗೂ ಮೇಲೆ, ಅಲ್ಲಿ ಸಾಲುವುದಿಲ್ಲ. ವೀಣೆಯ ಮಾತೇ ಬೇರೆ. ಕೊಡದ ಅಗಲ ಒಂದು ಅಡಿಯ ಆಚೀಚೆ, ಆಳವೂ ಹೆಚ್ಚು. ಒಂದೇ ಮರದಲ್ಲಿ ಕೊಡ, ದಂಡಿ ಎರಡನ್ನೂ ಕಡೆಯುವ ಏಕಾಂಡ ವೀಣೆಯ ದಿಮ್ಮಿಯನ್ನು ಮನೆ ಮಿಷಿನ್ನಿನ ಮೇಜಿನ ಮೇಲೆ ಎತ್ತಿಡುವುದೇ ಸಾಹಸ. ಎತ್ತಿಟ್ಟರೂ ಹೊರಗೆರೆಯಷ್ಟೇ ಅದರ ಪಾಲಿಗೆ. ಒಳಗೆ ತೋಡುವುದು, ಗೋಡೆಯ ದಪ್ಪವನ್ನು ಬೆರಳಿನಿಂದ ತಟ್ಟಿ ನೋಡಿ ಸರಿಮಾಡುವುದು ಬಾಚಿ, ಉಳಿಗಳ ಕೆಲಸ. ಬಿರಡೆ, ಕುದುರೆ, ದಂಡಿಯ ಮೇಲಿನ ಹಲಗೆ, ಯಾಳಿಮುಖದ ಒರಟು ಆಕಾರ, ಇವಕ್ಕೆ ಚಿಕ್ಕ ಮಿಷಿನ್ನೇ ಧಾರಾಳ. ಸೋರೆ ಬುರುಡೆಯ ತಂಬೂರಿ ಮಾಡುವವನಿಗೆ ದಂಡಿ, ಬಿರಡೆ ಬಿಟ್ಟರೆ ಮರದ ಕೆಲಸವೇ ಕಡಿಮೆ, ಕೈಗರಗಸದಲ್ಲೇ ಮುಗಿಯುತ್ತದೆ. ಹಾರ್ಮೋನಿಯಂ ಪೆಟ್ಟಿಗೆಗೆ ಬೇಕಾದದ್ದು ನೇರ ಹಲಗೆ, ಅದಕ್ಕೆ ಬಟ್ಟಲು ಗರಗಸ ಒಳ್ಳೆಯದು.

ಹಾಗಾದರೆ ಪಟ್ಟಿ ಗರಗಸವೇ ಯಾಕೆ ಎಂದರೆ ಎರಡು ಕಾರಣ. ಒಂದು, ಬಾಗು ಕೊಯ್ಯುತ್ತದೆ. ಕಾಲು ಇಂಚಿನ ಪಟ್ಟಿ ಹಾಕಿದರೆ ಮುಕ್ಕಾಲು ಇಂಚಿಗೂ ಕಡಿಮೆ ತ್ರಿಜ್ಯದ ತಿರುವು ಸಲೀಸು. ಎರಡನೆಯದು ನನ್ನಂಥ ಲೆಕ್ಕದವರಿಗೆ ಹಿಡಿಸುವ ಕಾರಣ: ಹೊಟ್ಟಾಗಿ ಹೋಗುವ ಮರ ಕಡಿಮೆ. ಪಟ್ಟಿ ತಿನ್ನುವುದು ಸುಮಾರು 1 ಮಿಲಿಮೀಟರು, ಬಟ್ಟಲು ಗರಗಸ ಸುಮಾರು 3. 100 ಮಿಲಿಮೀಟರು ದಪ್ಪದ ತುಂಡಿನಿಂದ 4 ಮಿಲಿಮೀಟರಿನ ಹಲಗೆ ತೆಗೆದರೆ ಪಟ್ಟಿಯಲ್ಲಿ 20 ಬರುತ್ತವೆ, ಬಟ್ಟಲಿನಲ್ಲಿ 14. ಹತ್ರಿ ಹೊಡೆದು ನುಣುಪು ಮಾಡುವ ನಷ್ಟ ಎರಡಕ್ಕೂ ಇದ್ದೇ ಇದೆ. ಹತ್ತಾರು ವರ್ಷ ಒಣಗಿದ ಒಳ್ಳೆಯ ಮರದಲ್ಲಿ ಆರು ಹಲಗೆ ಉಳಿದರೆ ಅದು ಸಣ್ಣ ಮಾತಲ್ಲ. ಹೀಗೆ ಹಲಗೆ ಸೀಳಲು ಅಗಲದ ಪಟ್ಟಿ ಬೇಕು, ಅರ್ಧ ಇಂಚು ಅಥವಾ ಮೇಲೆ, ಇಂಚಿಗೆ 3 ಹಲ್ಲು. ಬಾಗಿಗೆ ಕಿರಿದಾದ ಪಟ್ಟಿ, ಹಲ್ಲು ಹೆಚ್ಚು. ಒಂದೇ ಪಟ್ಟಿಯಲ್ಲಿ ಎರಡೂ ಆಗುತ್ತದೆ ಎಂದು ಹೇಳುವ ಅಂಗಡಿಯವನನ್ನು ನಂಬಬೇಡಿ.

ಮೋಟಾರಿನ ವಿಷಯ. 6 ಇಂಚಿಗೆ 1 ಅಶ್ವಶಕ್ತಿ ನಡೆದೀತು, ಹಲಗೆ ಸೀಳುವವರಿಗೆ ಒಂದೂವರೆ, ಎರಡು ಬೇಕು. ಮನೆಯ ಸಿಂಗಲ್ ಫೇಸಿನಲ್ಲಿ ಅಷ್ಟರ ಮಟ್ಟಿಗೆ ನಡೆಯುತ್ತದೆ. ನಮ್ಮ ಹಳ್ಳಿಗಳಲ್ಲಿ ಸಂಜೆ ವೋಲ್ಟೇಜು ಇಳಿಯುವುದು ಎಲ್ಲರಿಗೂ ಗೊತ್ತು, ಇಳಿದಾಗ ಮರ ತಳ್ಳಿದರೆ ಮೋಟಾರು ಬಿಸಿಯಾಗಿ ಸುಡುತ್ತದೆ. ದೊಡ್ಡ ಮಿಷಿನ್ನಿಗೆ ತ್ರೀ ಫೇಸ್ ಬೇಕು. ಬೋರಿನ ಕನೆಕ್ಷನ್ನಿನಿಂದ ಎಳೆದುಕೊಳ್ಳೋಣ ಎಂಬ ಯೋಚನೆ ಕೆಲವರಿಗೆ ಬರುತ್ತದೆ. ಅದು ತಪ್ಪು, ಸಿಕ್ಕಿಬಿದ್ದರೆ ದಂಡ. ನಾನು ಕೆಲಸದಲ್ಲಿದ್ದಾಗ ಒಬ್ಬ ಬಡಗಿ ಸಾಲದಲ್ಲಿ ದೊಡ್ಡ ಚಕ್ರದ ಮಿಷಿನ್ನು ತರಿಸಿದ. ಮಿಷಿನ್ನು ಬಂತು, ತ್ರೀ ಫೇಸ್ ಕನೆಕ್ಷನ್ನು ಬರಲಿಲ್ಲ. ಕಂತು ಮಾತ್ರ ತಿಂಗಳು ತಿಂಗಳು ಬರುತ್ತಿತ್ತು. ಮಿಷಿನ್ನಿನ ಮೇಲೆ ಕೋಳಿ ಕೂರುತ್ತಿದ್ದವು. ಅವನ ಪಾಸ್‌ಬುಕ್ಕಿಗೆ ಬಡ್ಡಿ ಏರಿಸಿದ ಕೈ ನನ್ನದೇ ಆದ್ದರಿಂದ ಆ ಮುಖ ಮರೆಯುವುದಿಲ್ಲ. ಮೊದಲು ಕರೆಂಟು, ಆಮೇಲೆ ಮಿಷಿನ್ನು.

ನಮ್ಮ ಸೀಮೆಯದೇ ಮರ ಒಂದಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಅನಂತಪುರ ಜಿಲ್ಲೆಯ ಒಣ ಗುಡ್ಡಗಳಲ್ಲಿ, ಪಾವಗಡದ ಕಡೆಯೂ, ಕಮರದ ಮರ ಬೆಳೆಯುತ್ತದೆ. ತೆಲುಗಿನವರು ಏಪಿ ಅಥವಾ ನಾರೇಪಿ ಎನ್ನುತ್ತಾರೆ. ತಮಿಳಿನಲ್ಲಿ ಅದೇ ಆಚ್ಚಾ ಮರ. ತಂಜಾವೂರು ಸೀಮೆಯ ನರಸಿಂಗಂಪೇಟೆಯ ನಾಗಸ್ವರ ಆಗುವುದು ಈ ಮರದಲ್ಲಿ. ಅದೂ ಹೊಸ ಮರವಲ್ಲ, ಹಳೆಯ ಮನೆಗಳನ್ನು ಕೆಡವಿದಾಗ ಸಿಗುವ ತೊಲೆ, ಕಂಬಗಳು. ನೀರಿಗೆ ಹಾಕಿದರೆ ಮುಳುಗುವಷ್ಟು ಭಾರ. ನಮ್ಮಲ್ಲಿ ದಂಬೆ ಮಾಳಿಗೆ ಕೆಡವಿ ಆರ್‌ಸಿಸಿ ಹಾಕುವಾಗ ಇಂಥ ತೊಲೆಗಳನ್ನು ಒಲೆಗೆ ಹಾಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಡಗಿಗಳು ಅವನ್ನು ಬಿಡಬಾರದು. ಆದರೆ ಹಳೆಯ ತೊಲೆಯಲ್ಲಿ ಮೊಳೆ ಇರುತ್ತದೆ. ಒಂದು ತುಕ್ಕು ಮೊಳೆ ಸಿಕ್ಕರೆ ಪಟ್ಟಿಯ ಹಲ್ಲು ಸಾಲಾಗಿ ಹೋಗುತ್ತದೆ. ಅಯಸ್ಕಾಂತ ಆಡಿಸಿ, ಮೊಳೆ ಕಿತ್ತು, ಆಮೇಲೆ ಕೊಯ್ಯಬೇಕು. ನಾಗಸ್ವರದ ಕೊಳವೆ ಕೊರೆಯುವುದಂತೂ ಚರಕಿಯ ಕೆಲಸ, ಪಟ್ಟಿ ಗರಗಸ ಅಲ್ಲಿ ತುಂಡು ಸಿದ್ಧ ಮಾಡಲು ಮಾತ್ರ.

ಪಟ್ಟಿ ಹರಿದರೆ ಏನು ಮಾಡುವುದು? ಬೆಂಗಳೂರಿಗೆ ಓಡಬೇಕಿಲ್ಲ. ಸಾಮಿಲ್ಲುಗಳಲ್ಲಿ ಹಲ್ಲು ಮಸೆಯುವ, ಪಟ್ಟಿ ಬೆಸೆಯುವ ಕಸುಬಿನವರಿರುತ್ತಾರೆ, ಸಾ ಡಾಕ್ಟರ್ ಎಂದೇ ಅವರನ್ನು ಕರೆಯುವುದು. ಸಣ್ಣ ಪಟ್ಟಿಯನ್ನು ಬೆಸೆದು ಕೊಡುವವರು ಹತ್ತಿರದಲ್ಲಿದ್ದಾರೆಯೇ ಎಂದು ಮಿಷಿನ್ನು ಕೊಳ್ಳುವ ಮೊದಲೇ ವಿಚಾರಿಸಿ. ಕ್ರೆಪಿನ್ ಎಂಬಾಕೆ ಬಿಡಿಸಿದ ಗಂಟು ಅದೇ ಅಲ್ಲವೇ.

ಕಾನೂನಿನ ಮಾತು ಗಡಿಯವರಾದ ನಮಗೆ ಇನ್ನೂ ಮುಖ್ಯ. ಆಂಧ್ರದಲ್ಲಿ ಸಾಮಿಲ್ಲುಗಳಿಗೆ 1969ರ ನಿಯಮಗಳಿವೆ, ಲೈಸೆನ್ಸು ಬೇಕು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಆದೇಶದ ಮೇಲೆ ದೇಶದಲ್ಲೆಲ್ಲ ಗರಗಸದ ಮಿಲ್ಲುಗಳ ಮೇಲೆ ಕಣ್ಣು ಬಿಗಿಯಾಯಿತು. ಮನೆಯಲ್ಲಿ ಕೊಯ್ದ ಹಲಗೆಯನ್ನು ಸಣ್ಣ ಮಿಷಿನ್ನಿನಲ್ಲಿ ಮತ್ತೆ ಸೀಳುವುದು ಬೇರೆ, ಹಸಿ ದಿಮ್ಮಿ ತಂದು ಕೊಯ್ಯುವುದು ಬೇರೆ. ನಿಮ್ಮ ಮಿಷಿನ್ನು ಯಾವುದರ ಕೆಳಗೆ ಬರುತ್ತದೆಂದು ಅರಣ್ಯ ಇಲಾಖೆಯ ರೇಂಜ್ ಆಫೀಸಿನಲ್ಲಿ ಕೇಳಿ, ಆದರೆ ಬರೆಸಿಕೊಳ್ಳಿ. ಕಲ್ಯಾಣದುರ್ಗದಿಂದ ಪಾವಗಡದ ಮೇಲೆ ಹಿಂದೂಪುರಕ್ಕೆ ಬರುವವನು ಒಂದೇ ದಾರಿಯಲ್ಲಿ ಎರಡು ರಾಜ್ಯ ದಾಟುತ್ತಾನೆ. 1953ರಲ್ಲೂ 1956ರಲ್ಲೂ ಗೆರೆ ಎಳೆದವರಿಗೆ ಹಲಸಿನ ತುಂಡು ಹೊತ್ತ ಬಡಗಿ ಕಂಡಿರಲಾರ. ಮರ ಸಾಗಿಸುವಾಗ ಬಿಲ್ಲು, ಪಾಸು ಜೇಬಿನಲ್ಲಿರಲಿ.

ಸಾಲದ ವಿಷಯ ಎರಡು ಮಾತು. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಹದಿನೆಂಟು ಕಸುಬುಗಳಿವೆ. ಬಡಗಿ ಇದ್ದಾನೆ, ಗೊಂಬೆ ಮಾಡುವವನಿದ್ದಾನೆ, ವಾದ್ಯ ಮಾಡುವವನಿಗೆ ಬೇರೆ ಹೆಸರಿಲ್ಲ. ಹಾಗಾಗಿ ಅಳಿಯ ಬಡಗಿಯಾಗಿಯೇ ಅರ್ಜಿ ಹಾಕಬೇಕು. ಉಪಕರಣಕ್ಕೆ 15,000 ರೂಪಾಯಿ ನೆರವು, ಮೊದಲ ಸಾಲ 1 ಲಕ್ಷದವರೆಗೆ, ಅದನ್ನು ಸರಿಯಾಗಿ ತೀರಿಸಿದವರಿಗೆ ಎರಡನೆಯದು 2 ಲಕ್ಷದವರೆಗೆ, ಬಡ್ಡಿ ನೂರಕ್ಕೆ 5. ಕೊಟೇಶನ್ ತರುವಾಗ ಮೋಟಾರು, ಸ್ಟ್ಯಾಂಡು, ತೆರಿಗೆ, ಲಾರಿ ಬಾಡಿಗೆ ಸೇರಿದೆಯೋ ಇಲ್ಲವೋ ನೋಡಿ. ಎರಡು ಪಟ್ಟಿ ಹೆಚ್ಚಿಗೆ ಬರೆಸಿ.

ತಂಗಿಗೆ ಹೇಳಬೇಕಾದ ಮಾತು ಬೆರಳಿನದು. ಮೇಲಿನ ಗೈಡನ್ನು ಮರಕ್ಕೆ ಕಾಲು ಇಂಚು ಹತ್ತಿರಕ್ಕೆ ಇಳಿಸಿದರೆ ಬಯಲಾಗಿ ಓಡುವ ಹಲ್ಲು ಕಡಿಮೆ. ಗ್ಲೌಸು ಹಾಕಬಾರದು, ಹೆಗಲ ಮೇಲೆ ಟವೆಲು ಬೇಡ, ಲುಂಗಿ ಬೇಡ. ದುಂಡನೆಯ ತುಂಡನ್ನು ಬರಿಗೈಯಲ್ಲಿ ಹಿಡಿದು ಕೊಯ್ದರೆ ಅದು ತಿರುಗಿ ಕೈಯನ್ನು ಎಳೆದುಕೊಳ್ಳುತ್ತದೆ, ಕವೆ ಕೊರೆದ ಹಲಗೆಯಲ್ಲಿ ಕೂರಿಸಬೇಕು. ಕೊನೆಯ ಎರಡು ಇಂಚನ್ನು ಕೋಲಿನಿಂದ ತಳ್ಳಬೇಕು. ಮೂಗಿಗೆ ಬಟ್ಟೆ ಬೇಕೇ ಬೇಕು.

ಇಷ್ಟೆಲ್ಲ ಆದ ಮೇಲೆ ನಾನೂ ಅವನೂ ಒಂದು ತೀರ್ಮಾನಕ್ಕೆ ಬಂದೆವು. ಮೊದಲು ತಂಬೂರಿ, ಆಮೇಲೆ ವೀಣೆ. ವೀಣೆಯ ದೊಡ್ಡ ದಿಮ್ಮಿಯನ್ನು ಲೈಸೆನ್ಸು ಇರುವ ಮಿಲ್ಲಿನಲ್ಲೇ ಕೊಯ್ಸಿ, ಘನ ಅಡಿ ಲೆಕ್ಕದಲ್ಲಿ ಕೂಲಿ ಕೊಡುವುದು. ಮನೆಗೆ 14 ಇಂಚಿನ ಎರಕದ ಮಿಷಿನ್ನು, ಒಂದೂವರೆ ಅಶ್ವಶಕ್ತಿಯ ಮೋಟಾರು, ಎತ್ತರ ಏರಿಸುವ ತುಂಡು ಸದ್ಯಕ್ಕೆ ಬೇಡ. ಕುರಿಯ ದುಡ್ಡಿನಲ್ಲಿ ಅರ್ಧ ಅಂಚೆ ಕಚೇರಿಯಲ್ಲೇ ಇರಲಿ ಎಂದು ತಂಗಿ ಹಟ ಹಿಡಿದಳು, ಅದಕ್ಕೂ ಒಪ್ಪಿದೆವು. ದಸರಾ ಕಳೆದ ಮೇಲೆ ಸಿಂಪಾಡಿಪುರಕ್ಕೆ ಹೋಗಿ ಅಲ್ಲಿಯವರು ಕೊಡದ ಒಳಗೆ ಉಳಿ ಹಿಡಿಯುವ ರೀತಿ ನೋಡಿಕೊಂಡು ಬಾ ಎಂದು ಅವನಿಗೆ ರೈಲಿನ ಹೊತ್ತು ಬರೆದುಕೊಟ್ಟಿದ್ದೇನೆ.